ಗುಂಯ್ ರಾಯರು

ಬೆಂಗಳೂರಿನ ಯಾವ ಹಳೆ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಬಿಇಎಲ್, ಐಟಿಐ, ಎಚ್‌ಎಎಲ್‌ಗಳಲ್ಲಿ ಯಾವುದಾದರೊಂದರಿಂದ ನಿವೃತ್ತಿ. ಮಗ ಅಮೆರಿಕದಲ್ಲಿ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಟೆಸ್ಟರು. ಹಾಲಿನಲ್ಲಿ ಸೋಫಾವನ್ನು ಮೂಲೆಗೆ ತಳ್ಳಿ ನಿಂತ ಎರಡು ಸ್ಪೀಕರುಗಳು. ಮನೆಗೆ ಬಂದವರಿಗೆ ಕಾಫಿ ಬೇಕೋ ಟೀ ಬೇಕೋ ಎಂದು ಕೇಳುವ ಮೊದಲು ಅವರು ಕೇಳುವುದು “ಕೇಳಿಸ್ತಾ?” ಅಂತ. ಕೇಳಿಸಿತು ಎಂದರೆ ಒಂದು ಗಂಟೆ ಕೂರಬೇಕು. ಕೇಳಿಸಲಿಲ್ಲ ಎಂದರೆ ಎರಡು. ನಮ್ಮ ರಸ್ತೆಯ ಇಂಥವರಿಗೆ ಗೇಟಿನ ಮೇಲಿನ ಹೆಸರು ಬೇರೆ ಇದೆ, ಅದು ಪೋಸ್ಟ್‌ಮ್ಯಾನಿಗೆ. ಮಿಕ್ಕ ನಮಗೆಲ್ಲ ಅವರು ಗುಂಯ್ ರಾಯರು.

ರಾಯರ ಕಪಾಟಿನಲ್ಲಿ ಮನ್ಸೂರರಿದ್ದಾರೆ, ಭೀಮಸೇನ ಜೋಶಿ ಇದ್ದಾರೆ, ಎಂ.ಎಸ್. ಸುಬ್ಬುಲಕ್ಷ್ಮಿ ಇದ್ದಾರೆ. ಒಬ್ಬೊಬ್ಬರಿಗೂ ಪ್ಲಾಸ್ಟಿಕ್ ಹೊದಿಕೆ, ಧೂಳು ಒರೆಸಲು ವೆಲ್ವೆಟ್ ಬ್ರಷ್ಷು. ಆದರೆ ಇವರಲ್ಲಿ ಯಾರದಾದರೂ ಹಾಡನ್ನು ಆ ಮನೆಯಲ್ಲಿ ಪೂರ್ತಿ ಕೇಳಿದವರು ಇದ್ದರೆ ನನಗೆ ತೋರಿಸಿ. ಮುಳ್ಳು ತಟ್ಟೆಯ ಮೇಲೆ ಇಳಿದ ಗಳಿಗೆಯಿಂದ ತಂಬೂರಿ ಮೊದಲಾಗುವ ತನಕ ನಾಲ್ಕೈದು ಸೆಕೆಂಡಿನ ಖಾಲಿ ಜಾಗ ಇರುತ್ತದಲ್ಲ, ರಾಯರ ಕಛೇರಿ ಅಷ್ಟೇ. ಕಣ್ಣು ಮುಚ್ಚಿ, ಕತ್ತು ಒಂದು ಪಕ್ಕಕ್ಕೆ ವಾಲಿಸಿ ಆ ಖಾಲಿಯನ್ನು ಕೇಳುತ್ತಾರೆ. ತಂಬೂರಿ ಬಂದೊಡನೆ “ಛೆ, ಶುರುವಾಗೋಯ್ತು” ಎಂದು ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಡುತ್ತಾರೆ. ಮನ್ಸೂರರು ಬಾಯಿ ತೆರೆದರೆ ಗುಂಯ್ ಮುಚ್ಚಿಹೋಗುತ್ತದೆ ಎಂಬುದು ಮನ್ಸೂರರ ಬಗ್ಗೆ ಅವರಿಗಿರುವ ಒಂದೇ ತಕರಾರು.

ಶಾಸ್ತ್ರದಲ್ಲಿ ಮಾತ್ರ ಅವರನ್ನು ಅಲ್ಲಗಳೆಯುವಂತಿಲ್ಲ. “ಗುಂಯ್‌ನಲ್ಲಿ ಎರಡು ಜಾತಿ ಸ್ವಾಮಿ. ಗೋಡೆ ಕರೆಂಟು ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ಓಲಾಡುತ್ತೆ. ಅದು ಹಾಗ್‌ಹಾಗೇ ವಯರಿಗೆ ನುಗ್ಗಿದರೆ ದಪ್ಪಗೆ, ಮೆತ್ತಗೆ ಕೇಳಿಸುತ್ತೆ. ಅದು ಅರ್ತಿಂಗ್ ದೋಷ, ಇಲ್ಲಾ ಟ್ರಾನ್ಸ್‌ಫಾರ್ಮರ್ ಪಕ್ಕ ಯಾರೋ ವಯರು ಎಳೆದಿದಾರೆ. ಸ್ವಲ್ಪ ಒರಟಾಗಿ 100ರ ಗುಂಯ್ ಬಂತೋ, ಅದು ಆಂಪ್ಲಿಫೈಯರಿನ ಒಳಗಿನದ್ದು. ಡಯೋಡು ಎರಡೂ ಅರ್ಧಗಳನ್ನ ಒಂದೇ ಕಡೆ ಮಡಿಸುತ್ತೆ ನೋಡಿ, ಅದಕ್ಕೇ ದುಪ್ಪಟ್ಟು. ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತ ಲೆಕ್ಕ.” ಮುಂದಿನ ಪರೀಕ್ಷೆ ವಾಲ್ಯೂಮ್ ಗುಂಡಿಯದು. ತಿರುಗಿಸಿದಾಗ ಗುಂಯ್ ಏರಿದರೆ ಕಳ್ಳ ನುಗ್ಗಿದ್ದು ಮುಂಬಾಗಿಲಿಂದ, ಏರದಿದ್ದರೆ ಹಿತ್ತಲಿಂದ. ಇದರ ಜೊತೆಗೆ ಒಂದು ಗಣಿತವೂ ಇದೆ. ರೆಕಾರ್ಡಿನ ಮುಳ್ಳಿನಿಂದ ಹೊರಡುವುದು 5 ಮಿಲಿವೋಲ್ಟ್. ಗೋಡೆಯೊಳಗೆ ಹರಿಯುವುದು 230 ವೋಲ್ಟ್, ಅಂದರೆ 46,000 ಪಟ್ಟು. “ಪಾಪ, ಅಷ್ಟು ಸಣ್ಣ ದನಿಯವರು ಅಷ್ಟು ದೊಡ್ಡ ದನಿಯವರ ಪಕ್ಕದಲ್ಲೇ ಬಾಳಬೇಕು” ಎಂದು ರಾಯರು ಮರುಗಿದಾಗ, ಅಡುಗೆಮನೆ ಬಾಗಿಲಲ್ಲಿ ನಿಂತ ಅವರ ಶ್ರೀಮತಿಯವರು ಏನೂ ಹೇಳಲಿಲ್ಲ.

ಅವರ ಮನೆಗೆ ಹೋಗುವವರು ಕೆಲವು ನೇಮಗಳನ್ನು ಪಾಲಿಸಬೇಕು. ಮೊಬೈಲನ್ನು ಚಪ್ಪಲಿಯ ಜೊತೆ ಹೊರಗೇ ಬಿಡಬೇಕು. ಕರೆ ಬರುವ ಮುಂಚೆ ಸ್ಪೀಕರಿನಲ್ಲಿ ‘ಟಿಟಿಟ್ ಟಿಟಿಟ್ ಟರ್ರ್’ ಎನ್ನುತ್ತಿತ್ತಲ್ಲ, ಆ ಕಾಲದಲ್ಲಿ ಮಾಡಿದ ಕಾನೂನು, ಇನ್ನೂ ರದ್ದಾಗಿಲ್ಲ. ಫ್ಯಾನನ್ನು ಪೂರ್ತಿ ಜೋರಾಗಿ ಹಾಕಬಹುದು ಅಥವಾ ಪೂರ್ತಿ ಆರಿಸಬಹುದು, ನಡುವೆ ಮಾತ್ರ ಇಡುವಂತಿಲ್ಲ. ಹಳೆಯ ಕಾಲದ ದೊಡ್ಡ ಡಬ್ಬಿಯ ರೆಗ್ಯುಲೇಟರ್ ಬಿಸಿಯಾಗುತ್ತಿತ್ತೇ ಹೊರತು ತೆಪ್ಪಗಿರುತ್ತಿತ್ತು. ಆಮೇಲೆ ಬಂದ ಎಲೆಕ್ಟ್ರಾನಿಕ್ ರೆಗ್ಯುಲೇಟರು ಕರೆಂಟಿನ ಪ್ರತಿ ಅಲೆಯನ್ನೂ ಕಚಕ್ಕೆಂದು ಕತ್ತರಿಸುತ್ತದೆ, ಆ ಕತ್ತರಿ ಸದ್ದು ರಾಯರ ಕಿವಿಗೆ ಬರುತ್ತದೆ. ಪೂರ್ತಿ ಜೋರು ಮಾಡಿದರೆ ರೆಕ್ಕೆಯ ಗಾಳಿ ಸದ್ದು. ಹೀಗಾಗಿ ಏಪ್ರಿಲ್ ತಿಂಗಳಲ್ಲೂ ಅಲ್ಲಿ ಫ್ಯಾನ್ ಆರಿಯೇ ಇರುತ್ತದೆ, ಅತಿಥಿಗಳು ಬೆವರುತ್ತ ಮೌನವನ್ನು ಆಸ್ವಾದಿಸುತ್ತಾರೆ. ಫ್ರಿಜ್ಜಿನ ಕಂಪ್ರೆಸರ್ ಶುರುವಾದಾಗ ‘ಟಪ್’ ಎನ್ನುವುದರಿಂದ ಅದೂ ಬಂದ್. ಹೆಪ್ಪು ಹಾಕದೆ ಮೊಸರಾಗುವ ಮನೆ ನಮ್ಮ ರಸ್ತೆಯಲ್ಲಿ ಅದೊಂದೇ.

ಒಮ್ಮೆ ಒಂದು ಉದ್ದ ವಯರು ತಾನೇ ಏರಿಯಲ್ ಆಗಿ, ಎಂ.ಎಸ್. ಆಲಾಪನೆಯ ಬೆನ್ನಿಗೆ 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿಯಿಂದ ವಾರ್ತೆ ಬರತೊಡಗಿತು. ರಾಯರು ಅಂದು ವಾರ್ತೆಯನ್ನು ಹವಾಮಾನದವರೆಗೂ ಕೇಳಿದರು. ಬೇಡದ್ದನ್ನು ಅವರು ಎಂದೂ ಅರ್ಧಕ್ಕೆ ಬಿಡುವವರಲ್ಲ.

ಮನೆಯ ಹಿಂದಿನ ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ದಿನ ಬೆಳಗ್ಗೆ ಅದಕ್ಕೆ ನೀರು ಹೊಯ್ಯುತ್ತಾರೆ. ಹೊಸದಾಗಿ ಬಂದ ಬಾಡಿಗೆಯವರು ಅದನ್ನು ನೋಡಿ, “ಅಂಕಲ್, ಆ ಗಿಡ ಒಣಗಿಹೋಗಿದೆ, ಬರೀ ಪೈಪು ಉಳಿದಿದೆ” ಎಂದು ಕನಿಕರದಿಂದ ಹೇಳಿದ್ದರು.

ಶ್ರೀಮತಿಯವರು ಹಾಡುಗಾರ್ತಿ, ಸಂಜೆ ಮಕ್ಕಳಿಗೆ ಪಾಠ ಹೇಳುತ್ತಾರೆ. ಗುಂಯ್ ಬಗ್ಗೆ ಅವರದು ಬೇರೆಯೇ ಅಭಿಪ್ರಾಯ. “ಅದು ಐದು ಮನೆ ಶ್ರುತಿಗಿಂತ ಚೂರೇ ಚೂರು ಮೇಲಿದೆ ಕಣ್ರಿ. ಮೊದಲೆಲ್ಲ ಸರಿಯಾಗಿ ಐದು ಮನೆಗೇ ಇರ್ತಿತ್ತು, ನಾನು ಪೆಟ್ಟಿಗೆ ತೆಗೆಯದೇ ಇದಕ್ಕೇ ಕೂತು ಹಾಡ್ಕೋತಿದ್ದೆ.” ನಾನು ಇದನ್ನು ನಗೆಮಾತು ಎಂದುಕೊಂಡಿದ್ದೆ. ರಾಯರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಐದು ಮನೆಯ ಷಡ್ಜವನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ ಸೆಕೆಂಡಿಗೆ 49 ಕಂಪನ. ಲೋಡ್‌ಶೆಡ್ಡಿಂಗಿನ ಕಾಲದಲ್ಲಿ ದಕ್ಷಿಣದ ಗ್ರಿಡ್ ಬಳಲಿ ಬಳಲಿ 50ರಿಂದ 49ಕ್ಕೆ ಇಳಿಯುತ್ತಿದ್ದುದು ನಿಜವೇ. ಆಮೇಲೆ ಶಿಸ್ತು ಬಂತು, 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ದಕ್ಷಿಣವನ್ನು ದೇಶದ ಮಿಕ್ಕ ಗ್ರಿಡ್ಡಿಗೆ ಜೋಡಿಸಿತು, ಕರೆಂಟು 50ರ ಹತ್ತಿರವೇ ನಿಲ್ಲತೊಡಗಿತು. ದೇಶಕ್ಕೆ ಒಳ್ಳೆಯದಾಯಿತು. ಶ್ರೀಮತಿಯವರ ಶ್ರುತಿ ಕೆಟ್ಟಿತು. ಮಗನ ಮನೆಗೆ ಹೋಗಿದ್ದಾಗ ಅಲ್ಲಿನ ಸ್ಟೀರಿಯೊ ಕೂಡ ಗುಂಯ್ಗುಟ್ಟಿತಂತೆ. ಅಲ್ಲಿ 60 ಹರ್ಟ್ಸ್. “ಆರೂವರೆಗೂ ಏಳಕ್ಕೂ ಮಧ್ಯೆ, ಹಾಡೋಕೇ ಆಗಲ್ಲ” ಎಂದು ಅವರು ಇಡೀ ಅಮೆರಿಕವನ್ನು ತಳ್ಳಿಹಾಕಿ ವಾಪಸ್ ಬಂದರು.

ಬರುವಾಗ ರಾಯರು ಅಲ್ಲಿಂದ ಒಂದು ಹಳೆಯ ಟರ್ನ್‌ಟೇಬಲ್ ಹೊತ್ತು ತಂದರು. 110 ವೋಲ್ಟಿನದು ಎಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರು. ವೋಲ್ಟು ಇಳಿಯಿತು, ಆದರೆ ಟ್ರಾನ್ಸ್‌ಫಾರ್ಮರು 60 ಹರ್ಟ್ಸನ್ನು ಎಲ್ಲಿಂದ ತಂದೀತು? ಆ ಮೋಟಾರು ಕರೆಂಟಿನ ತಾಳಕ್ಕೆ ತಿರುಗುವಂಥದ್ದು. ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗಬೇಕಾದ ತಟ್ಟೆ 28ರ ಆಸುಪಾಸಿನಲ್ಲಿ ತೂಕಡಿಸುತ್ತ ತಿರುಗಿತು. ಎಂ.ಎಸ್. ಅವರ ದನಿ ಮೂರು ಸ್ವರಸ್ಥಾನ ಜಾರಿ, ನೆಗಡಿಯಾದ ಗಂಡಸರ ದನಿಯಾಯಿತು. ರಾಯರು ನನ್ನ ಕಡೆ ತಿರುಗಿ ಹೆಮ್ಮೆಯಿಂದ, “ನೋಡಿ ಸ್ವಾಮಿ, ಮೋಟಾರಿನ ಸದ್ದೇ ಇಲ್ಲ!” ಎಂದರು. ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದ ಶ್ರೀಮತಿಯವರು, “ಏನೂಂದ್ರೆ, ಯಾರ್ರೀ ಅದು ಹಾಡ್ತಿರೋದು?” ಎಂದಾಗಲೇ ರಾಯರಿಗೆ ಯಾರೋ ಹಾಡುತ್ತಿದ್ದಾರೆ ಎಂಬುದು ಗೊತ್ತಾದದ್ದು. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರುವ ಸ್ನೇಹಿತರಿಂದ ದಪ್ಪನೆಯ ಪುಲ್ಲಿ ಕಡೆಸಿ ಹಾಕಿ ಎಂ.ಎಸ್. ಅವರಿಗೆ ಹೆಣ್ಣು ದನಿಯನ್ನು ಮರಳಿಸಲಾಯಿತು.

ಇಷ್ಟಾದರೂ ಮೂಲ ಗುಂಯ್ ಮಾತ್ರ ಹೋಗಿರಲಿಲ್ಲ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ರಾಯರನ್ನು ಕಂಡರೆ ಹುಡುಗರು ಕೇಳದೇ ಶೀಲ್ಡೆಡ್ ವಯರಿನ ಸುರುಳಿ ಇಳಿಸುತ್ತಿದ್ದರು. ಅವರಲ್ಲೊಬ್ಬ, “ಅಂಕಲ್, ಪ್ಲಗ್ಗಿನ ಅರ್ತ್ ಪಿನ್ ಮುರಿದುಬಿಡಿ, ಗುಂಯ್ ಹೋಗುತ್ತೆ” ಎಂದ. “ಹೋಗುತ್ತಪ್ಪ. ಒಂದು ದಿನ ನಾನೂ ಹೋಗ್ತೀನಿ” ಎಂದರು ರಾಯರು. ಈ ಒಂದು ವಿಷಯದಲ್ಲಿ ಅವರನ್ನು ಎಷ್ಟು ಹೊಗಳಿದರೂ ಸಾಲದು. ಗುಂಯ್ ಕೊಲ್ಲುವುದಿಲ್ಲ, ಅರ್ತ್ ಇಲ್ಲದ ಲೋಹದ ಡಬ್ಬಿ ಕೊಲ್ಲುತ್ತದೆ.

ಕೊನೆಗೆ ಒಂದು ಸಂಜೆ, ಒಂದೊಂದೇ ವಯರನ್ನು ಕಿತ್ತು ಕೇಳುವ ಕಾರ್ಯಕ್ರಮ. ನಾನು ಟಾರ್ಚ್ ಹಿಡಿದುಕೊಳ್ಳುವ ಸಹಾಯಕ. ರೆಕಾರ್ಡ್ ಪ್ಲೇಯರ್ ಕಿತ್ತರು, ಗುಂಯ್. ಸಿ.ಡಿ. ಕಿತ್ತರು, ಗುಂಯ್. ಟಿ.ವಿ.ಯನ್ನು ಆರಿಸಿದರು, ಆಗಲೂ ಗುಂಯ್. ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ವಯರನ್ನು ತಿರುಚಿ ಎಳೆದರು ನೋಡಿ, ಪೂರ್ತಿ ನಿಶ್ಶಬ್ದ. “ಸಿಕ್ಕಿದಾ!” ಎಂದು ರಾಯರು ಕೂಗಿದ್ದೂ, “ರೀ, ಸೀರಿಯಲ್ ಶುರುವಾಗೋ ಹೊತ್ತು, ಹಾಕ್ರೀ ಅದನ್ನ” ಎಂದು ಒಳಗಿನಿಂದ ಕೂಗು ಬಂದದ್ದೂ ಒಟ್ಟಿಗೇ ಆಯಿತು.

ಆದದ್ದೇನೆಂದರೆ, ಕಂಬದಿಂದ ಮರಕ್ಕೆ, ಮರದಿಂದ ಮಹಡಿಗೆ ಹಾರಿ ಬರುವ ಕೇಬಲ್ಲಿನ ಹೊರಜಾಲರಿ ಬೇರೆಲ್ಲೋ ನೆಲ ಮುಟ್ಟಿರುತ್ತದೆ. ರಾಯರ ಆಂಪ್ಲಿಫೈಯರ್ ಹಿತ್ತಲ ಗುಂಡಿಯಲ್ಲಿ ನೆಲ ಮುಟ್ಟಿದೆ. ಭೂಮಿತಾಯಿ ಒಬ್ಬಳೇ ಎನ್ನುತ್ತೇವೆ, ಮೀಟರು ಇಟ್ಟರೆ ಅಲ್ಲಿಗೂ ಇಲ್ಲಿಗೂ ವೋಲ್ಟಿನ ವ್ಯತ್ಯಾಸ ಕಾಣುತ್ತದೆ. ಆ ವ್ಯತ್ಯಾಸ ಕೇಬಲ್ ಹಿಡಿದು ಬಂದು, ಆಂಪ್ಲಿಫೈಯರನ್ನು ಹಾದು, ಗುಂಡಿಗೆ ಇಳಿಯುತ್ತಿತ್ತು. ರಾಯರು ಉಪ್ಪು ಸುರಿದು, ನೀರು ಹೊಯ್ದು ಅದಕ್ಕೆ ದಾರಿಯನ್ನು ಇನ್ನಷ್ಟು ಸಲೀಸು ಮಾಡಿಕೊಟ್ಟಿದ್ದರು. ಮದ್ದು ಸಣ್ಣದು. ಒಳತಂತಿಗೊಂದು, ಜಾಲರಿಗೊಂದು ಪುಟ್ಟ ಸೆರಾಮಿಕ್ ಕೆಪಾಸಿಟರ್. ಟಿ.ವಿ. ಸಿಗ್ನಲ್ಲನ್ನು ಅದು ಬಿಡುತ್ತದೆ, 50 ಹರ್ಟ್ಸನ್ನು ತಡೆಯುತ್ತದೆ. ಸೀರಿಯಲ್ಲೂ ಉಳಿಯಿತು, ಗುಂಯ್ಯೂ ಹೋಯಿತು.

ಆ ವಾರ ರಾಯರ ಮುಖ ನೋಡುವ ಹಾಗಿರಲಿಲ್ಲ. ಮಾಡಲು ಕೆಲಸವಿಲ್ಲದೆ ನಮ್ಮ ಮನೆಗೆ ಬಂದು ಕೂತರು. ಸಂಪಿನ ಮೋಟಾರು ಕೇಳಿ, “ಬೇರಿಂಗ್ ಹೋಗಿದೆ” ಎಂದರು. ನನ್ನ ಮಂಡಿಯ ಸದ್ದು ಕೇಳಿ, ಅದನ್ನೂ ಹಾಗೇ ಅಂದರು. ಮಾತಿನ ನಡುವೆ, ಈಗಲಾದರೂ ಮನ್ಸೂರರನ್ನು ಕೇಳಬಹುದಲ್ಲ ಎಂದೆ. “ಕೇಳೋಣ, ಎಲ್ಲಿ ಹೋಗ್ತಾರೆ” ಎಂದು ಎದ್ದು ಹೋದರು.

ಮರುದಿನ ಬೆಳಗ್ಗೆ ಗೇಟಿನ ಬಳಿ ಮುಖ ಅರಳಿಸಿಕೊಂಡು ನಿಂತಿದ್ದರು. “ಕೇಳಿಸ್ತಾ?” ಗುಂಯ್ ಹೋದ ಮೇಲೆ ಅದರ ಹಿಂದೆ ಅಡಗಿದ್ದ ‘ಸ್‌ಸ್‌ಸ್’ ಬಯಲಾಗಿದೆಯಂತೆ. ಹಾಲಿಗೆ ಕರೆದೊಯ್ದು, ವಾಲ್ಯೂಮ್ ಪೂರ್ತಿ ಏರಿಸಿ, ನನ್ನ ಕಿವಿಯನ್ನು ಸ್ಪೀಕರಿನ ಬಟ್ಟೆಗೆ ಒತ್ತಿದರು. “ಇದು ಯಾರ ತಪ್ಪೂ ಅಲ್ಲ ಸ್ವಾಮಿ. ರೆಸಿಸ್ಟರಿನ ಒಳಗೆ ಎಲೆಕ್ಟ್ರಾನುಗಳು ಶಾಖಕ್ಕೆ ಕುಣೀತಾವೆ. 1928ರಲ್ಲೇ ಬೆಲ್ ಲ್ಯಾಬ್ಸಿನಲ್ಲಿ ಜಾನ್ಸನ್ ಅಳೆದು ತೋರಿಸಿದ, ನೈಕ್ವಿಸ್ಟ್ ಲೆಕ್ಕ ಕೊಟ್ಟ. ಪೂರ್ತಿ ನಿಲ್ಲಬೇಕಾದರೆ ಸೊನ್ನೆಗಿಂತ 273 ಡಿಗ್ರಿ ಕೆಳಗಿಳಿಸಬೇಕು.” ಸ್ವಲ್ಪ ಹೊತ್ತು ಸುಮ್ಮನಿದ್ದು, ಕ್ಯಾಲ್ಕುಲೇಟರ್ ತೆಗೆದರು. “4 ಡಿಗ್ರಿಗೆ ತಂದರೂ ನೂರಕ್ಕೆ ನಾಲ್ಕರಷ್ಟು ಕಮ್ಮಿಯಾಗುತ್ತೆ. ಏನೇ, ಫ್ರಿಜ್ಜಿನಲ್ಲಿ ಒಂದು ಅರೆ ಖಾಲಿ ಮಾಡಿಕೊಡ್ತೀಯಾ?”

“ದೋಸೆ ಹಿಟ್ಟಿದೆ” ಎಂಬ ಉತ್ತರ ಬಂತು. “ತೆಗೀತೀನಿ. ಆದರೆ ನಿಮ್ಮ ಡಬ್ಬಿ ತಣ್ಣಗಿರಬೇಕು ಅಂದ್ರೆ, ಹಾಡು ಹಾಕಿದಾಗಲೂ ಫ್ರಿಜ್ ಆನ್ ಇರಲೇಬೇಕು. ಆಗಬಹುದಾ?”

ರಾಯರು ಕ್ಯಾಲ್ಕುಲೇಟರನ್ನು ಜೇಬಿಗಿಳಿಸಿ, ಫ್ರಿಜ್ಜನ್ನು ಸದ್ದಿಲ್ಲದೆ ಓಡಿಸುವುದು ಹೇಗೆಂದು ನೋಡಲು ಅದರ ಹಿಂದೆ ಟಾರ್ಚ್ ಬಿಟ್ಟರು.