ಸಾಸೇಜಿಗೊಬ್ಬ ಸಸ್ಯಾಹಾರಿ ಸಾರಥಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸಾಸೇಜಿಗೆ ಬರ ಎಂದರೆ ಯಾರೂ ನಂಬುವುದಿಲ್ಲ. ಜರ್ಮನಿಯಿಂದ ವಲಸೆ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ತುಂಬಿರುವ ನಾಡದು. ಬೇಸಿಗೆ ಬಂತೆಂದರೆ ಎಲ್ಲರ ಹಿತ್ತಿಲಿನಲ್ಲೂ ಹೊಗೆಯೇಳುತ್ತದೆ. ಬ್ರಾಟ್‌ವುರ್ಸ್ಟ್ ಎಂಬ ಸಾಸೇಜನ್ನು ಬಿಯರಿನಲ್ಲಿ ಬೇಯಿಸಿ, ಕೆಂಡದ ಮೇಲೆ ಸುಟ್ಟು, ಬನ್ನಿನ ನಡುವೆ ಮಲಗಿಸಿ, ಮೇಲೆ ಸಾಸಿವೆ ಬಳಿದು ತಿನ್ನುತ್ತಾರೆ. ಇಂಥ ರಾಜ್ಯದ ಮ್ಯಾಡಿಸನ್ ನಗರದಲ್ಲಿ, ನಮ್ಮ ಪಕ್ಕದ ಮನೆಯವರು ‘ತಿನ್ನೋಣವೆಂದರೆ ಒಂದು ಸಾಸೇಜ್ ಇಲ್ಲ’ ಎಂದು ಸೊರಗುತ್ತಿದ್ದರು.

ಅವರು ಸ್ವಿಟ್ಜರ್ಲೆಂಡಿನ ಪೂರ್ವದಲ್ಲಿರುವ ಸೇಂಟ್ ಗಾಲನ್ ಊರಿನವರು. ಅವರ ಗಡಿಯಾರದ ಶಿಸ್ತು, ಕಸ ವಿಂಗಡಿಸುವಾಗಿನ ಮಡಿ ನೋಡಿ ನನ್ನ ಹೆಂಡತಿ ‘ಸ್ವಿಸ್ ರಾಯರು’ ಎಂದು ಹೆಸರಿಟ್ಟಿದ್ದಳು. ರೈಲಿನ ದೇಶದಲ್ಲಿ ಬೆಳೆದ ರಾಯರಿಗೆ ಅಮೆರಿಕದ ಹೆದ್ದಾರಿಯಲ್ಲಿ ಕಾರು ಓಡಿಸುವ ಧೈರ್ಯವಿರಲಿಲ್ಲ. ಹೀಗಾಗಿ ಮೊಟ್ಟೆಯನ್ನೂ ಮುಟ್ಟದ ನಾನು ಅವರ ಸಾಸೇಜ್ ಬೇಟೆಗೆ ಸಾರಥಿಯಾದೆ. ಕುರುಕ್ಷೇತ್ರದ ಸಾರಥಿಯಂತೆ ನಾನೂ ಆಯುಧ ಹಿಡಿಯುವುದಿಲ್ಲವೆಂದು ಮೊದಲೇ ಷರತ್ತು ಹಾಕಿದ್ದೆ. ಇಲ್ಲಿ ಆಯುಧವೆಂದರೆ ಫೋರ್ಕು.

ರಾಯರಿಗೆ ಬೇಕಿದ್ದುದು ತಮ್ಮೂರಿನ ಬ್ರಾಟ್‌ವುರ್ಸ್ಟ್. ಬಣ್ಣ ಬಿಳಿ, ಒಳಗೆ ಕರುವಿನ ಮಾಂಸ, ಹಂದಿಯ ಕೊಬ್ಬು ಮತ್ತು ಹಾಲು. ಅದರ ಪ್ರಸ್ತಾಪ 1438ರಷ್ಟು ಹಿಂದೆಯೇ ಅವರೂರಿನ ಕಟುಕರ ಸಂಘದ ನಿಯಮಗಳಲ್ಲಿ ಇದೆಯಂತೆ. 2008ರಿಂದ ಆ ಹೆಸರಿಗೆ ಭೌಗೋಳಿಕ ರಕ್ಷಣೆಯೂ ಇದೆ. ಸೇಂಟ್ ಗಾಲನ್, ತುರ್ಗೌ ಮತ್ತು ಎರಡು ಅಪ್ಪೆನ್‌ಝೆಲ್ ಪ್ರಾಂತ್ಯಗಳ ಗಡಿ ದಾಟಿ ತಯಾರಾದದ್ದಕ್ಕೆ ಸ್ವಿಸ್ ಕಾನೂನಿನಲ್ಲಿ ಆ ಹೆಸರಿಲ್ಲ. ಅಂದಮೇಲೆ ಅಟ್ಲಾಂಟಿಕ್ ದಾಟಿದ ಮೇಲೆ ಅಸಲಿಯನ್ನು ಹುಡುಕುವ ಮಾತೆಲ್ಲಿ? ಹುಡುಕಾಟ ಸೋಲುವುದೆಂದು ಕಾನೂನೇ ಬರೆದುಕೊಟ್ಟಿತ್ತು. ರಾಯರ ಉತ್ಸಾಹಕ್ಕೆ ಮೂಲ ಅದೇ ಎಂದು ನನಗೆ ಆಮೇಲೆ ಹೊಳೆಯಿತು.

ಮೊದಮೊದಲು ಊರೊಳಗಿನ ಅಂಗಡಿಗಳಿಗೆ ಹೋದೆವು. ರಾಯರು ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಹೆಣ್ಣು ನೋಡಲು ಬಂದ ಸೋದರತ್ತೆಯ ಕಣ್ಣಲ್ಲಿ ಒಂದೊಂದನ್ನೂ ಅಳೆಯುವರು. ಇದು ದಪ್ಪ, ಅದು ಒರಟು, ಇನ್ನೊಂದು ತೀರಾ ಕಂದು. ಅಂಗಡಿಯವನು ಪಾಪ, ರುಚಿ ನೋಡಲೆಂದು ಒಂದು ತುಂಡಿಗೆ ಸಾಸಿವೆ ಹಚ್ಚಿ ಕೊಟ್ಟ. ಮುಗಿಯಿತು. ಸೇಂಟ್ ಗಾಲನ್ನಿನಲ್ಲಿ ಬ್ರಾಟ್‌ವುರ್ಸ್ಟಿಗೆ ಸಾಸಿವೆ ಹಚ್ಚುವುದೆಂದರೆ ಮಾಡಿದವನ ಕೈರುಚಿಗೆ ಮಾಡುವ ಅವಮಾನ. ರಾಯರು ಅಂಗಡಿಯಿಂದ ಹೊರಬಂದು ಕಾರಿನಲ್ಲಿ ಕೂತವರು, ಮನೆ ತಲುಪುವ ತನಕ ತುಟಿ ಬಿಚ್ಚಲಿಲ್ಲ.

ಕೊನೆಗೆ ನಾನೇ ನ್ಯೂ ಗ್ಲಾರಸ್ಸಿಗೆ ಹೋಗೋಣವೆಂದೆ. ಮ್ಯಾಡಿಸನ್‌ನಿಂದ ಮುಕ್ಕಾಲು ಗಂಟೆಯೊಳಗಿನ ದಾರಿ. ಬಡತನ ತಾಳಲಾರದೆ ಗ್ಲಾರಸ್ ಪ್ರಾಂತ್ಯದಿಂದ ಹೊರಟ ಸ್ವಿಸ್ ಜನ 1845ರಲ್ಲಿ ಕಟ್ಟಿದ ಊರು. ಕಿಟಕಿಗಳಲ್ಲಿ ಹೂಕುಂಡ, ಕಂಬಗಳಲ್ಲಿ ಬಾವುಟ, ಸೆಪ್ಟೆಂಬರ್ ಬಂದರೆ ಬಯಲಲ್ಲಿ ವಿಲಿಯಂ ಟೆಲ್ ನಾಟಕ. ಅಲ್ಲಿಯ ಮಾಂಸದಂಗಡಿಯಲ್ಲಿ ಕಾಲ್ಬರ್‌ವುರ್ಸ್ಟ್ ಎಂಬ ಸಾಸೇಜ್ ಸಿಕ್ಕಿತು. ಬಿಳಿಯದೇ, ಕರುವಿನದೇ, ಹಾಲು ಹಾಕಿದ್ದೇ. ನಾನು ಗೆದ್ದೆನೆಂದು ರಾಯರ ಮುಖ ನೋಡಿದೆ.

‘ಇದು ಗ್ಲಾರಸ್ಸಿನವರದು’ ಎಂದರು.

ಗ್ಲಾರಸ್ ಇರುವುದು ಸೇಂಟ್ ಗಾಲನ್ ಪ್ರಾಂತ್ಯದ ಗಡಿಗೆ ಅಂಟಿಕೊಂಡು. ಅದಕ್ಕೇ ಇಷ್ಟು ಸಂಕಟ. ಕುಂದಾ ಕೇಳಿದ ಬೆಳಗಾವಿಯವನಿಗೆ ಧಾರವಾಡದ ಪೇಢೆ ಕೊಟ್ಟು ‘ಎರಡೂ ಹಾಲಿನದೇ ತಗೊಳ್ರಿ’ ಎಂದಂತಾಗಿತ್ತು ನನ್ನ ಸ್ಥಿತಿ. ಬೇರೆ ದೇಶದ ತಿಂಡಿಯನ್ನಾದರೂ ಮನುಷ್ಯ ಕ್ಷಮಿಸುತ್ತಾನೆ, ಪಕ್ಕದ ಜಿಲ್ಲೆಯದನ್ನು ಕ್ಷಮಿಸುವುದಿಲ್ಲ.

‘ಊರಿಗೆ ಹೋದಾಗ ತಂದುಬಿಡಬಾರದೇ?’ ಎಂದು ನನ್ನ ಹೆಂಡತಿ ಕೇಳಿದಳು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಬೀಗಲ್ ಜಾತಿಯ ನಾಯಿಗಳಿವೆ. ಪ್ರಯಾಣಿಕರ ಚೀಲದೊಳಗಿನ ಮಾಂಸ, ಹಣ್ಣು ಮೂಸಿ ಹಿಡಿಯುವುದೇ ಅವಕ್ಕೆ ಉದ್ಯೋಗ. ರಾಯರು ನಿಟ್ಟುಸಿರುಬಿಟ್ಟು, ‘ಈ ದೇಶದಲ್ಲಿ ಒಳ್ಳೆಯ ಸಾಸೇಜಿನ ಬೆಲೆ ಗೊತ್ತಿರುವುದು ಆ ನಾಯಿಗಳಿಗೆ ಮಾತ್ರ’ ಎಂದರು.

ರಾಯರ ಎರಡನೆಯ ವ್ಯಾಮೋಹ ಸೆರ್ವೆಲಾ. ಅದು ಇಡೀ ಸ್ವಿಟ್ಜರ್ಲೆಂಡಿನ ಸಾಸೇಜ್. ವರ್ಷಕ್ಕೆ ಸುಮಾರು 16 ಕೋಟಿ ಖರ್ಚಾಗುತ್ತದೆಂಬುದು ಲೆಕ್ಕ. ಆಗಸ್ಟ್ 1ರ ರಾಷ್ಟ್ರೀಯ ದಿನದಂದು ಅದರ ಎರಡೂ ತುದಿಗಳನ್ನು ಅಡ್ಡಡ್ಡ ಸೀಳಿ, ಕೋಲಿಗೆ ಚುಚ್ಚಿ ಬೆಂಕಿಗೆ ಹಿಡಿಯದವನು ಸ್ವಿಸ್ಸನೇ ಅಲ್ಲ. ಅದರ ಡೊಂಕು, ಸುಲಿದರೆ ಸಲೀಸಾಗಿ ಬರುವ ಸಿಪ್ಪೆ, ಎಲ್ಲಕ್ಕೂ ಕಾರಣ ದನದ ಕರುಳು. ಆ ಕರುಳು ಬರುತ್ತಿದ್ದುದು ಬ್ರೆಜಿಲ್‌ನ ಡುಬ್ಬದ ದನಗಳಿಂದ. ಹುಚ್ಚು ದನದ ರೋಗದ ಭಯಕ್ಕೆ ಐರೋಪ್ಯ ಒಕ್ಕೂಟ 2006ರಲ್ಲಿ ಅದರ ಆಮದು ನಿಲ್ಲಿಸಿತು, ಸ್ವಿಸ್ಸರೂ ಆ ನಿಯಮಕ್ಕೆ ಕಟ್ಟುಬಿದ್ದರು. 2008ರ ಹೊತ್ತಿಗೆ ದಾಸ್ತಾನು ತಳ ಕಂಡು, ರಾಷ್ಟ್ರೀಯ ಸಾಸೇಜನ್ನು ಉಳಿಸಲು ಒಂದು ಕಾರ್ಯಪಡೆಯೇ ರಚನೆಯಾಯಿತು.

ಈ ಕಥೆ ಕೇಳಿ ನನಗೆ ಮೈಯೆಲ್ಲ ಕಿವಿಯಾಯಿತು. ಬ್ರೆಜಿಲ್‌ನ ಡುಬ್ಬದ ದನಗಳಲ್ಲಿ ಬಹುಪಾಲು ನೆಲೋರ್ ತಳಿಯವು. ಅವುಗಳ ಹಿರೀಕರು ನಮ್ಮ ಪಕ್ಕದ ಆಂಧ್ರದ ಒಂಗೋಲು ಎತ್ತು, ಹಸುಗಳು. ಹಡಗು ಹತ್ತಿ ಹೋದವು.

‘ಹಾಗಾದರೆ ರಾಯರೇ, ನಿಮ್ಮ ರಾಷ್ಟ್ರೀಯ ಸಾಸೇಜ್ ತೊಟ್ಟ ಅಂಗಿ ನಮ್ಮ ಕಡೆಯ ನೆಂಟರದು’ ಎಂದೆ.

ರಾಯರು ಬಹಳ ಹೊತ್ತು ಯೋಚಿಸಿದರು. ಸೆರ್ವೆಲಾದ ಮಿಶ್ರಣಕ್ಕೆ ಮಾಂಸ, ಕೊಬ್ಬಿನ ಜೊತೆಗೆ ಪುಡಿ ಮಾಡಿದ ಮಂಜುಗಡ್ಡೆಯನ್ನೂ ಹಾಕುತ್ತಾರೆ. ‘ಮಂಜುಗಡ್ಡೆ ಮಾತ್ರ ಅಪ್ಪಟ ಸ್ವಿಸ್’ ಎಂದರು, ಮುಖದ ಗೆರೆ ಅಲುಗಿಸದೆ.

ಹೊರದೇಶಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಸ್ವಿಸ್ ಪ್ರಜೆಗಳಿದ್ದಾರೆ. ಊರಲ್ಲಿದ್ದಾಗ ಸಾಸೇಜನ್ನು ಇವರಲ್ಲಿ ಎಷ್ಟು ಮಂದಿ ತಲೆಯೆತ್ತಿ ನೋಡಿದ್ದರೋ! ರಾಯರ ಮನೆಯಾಕೆಯೇ ಗುಟ್ಟು ಬಿಟ್ಟರು: ಸೇಂಟ್ ಗಾಲನ್ನಿನಲ್ಲಿ ಅವರು ಮಧ್ಯಾಹ್ನ ಪಾಸ್ತಾ, ರಾತ್ರಿ ಪಿಟ್ಸಾ ತಿನ್ನುವವರಂತೆ. ವಿಮಾನ ಹತ್ತಿದ ಮೇಲೆಯೇ ನಾಲಿಗೆಗೆ ಪಾಂಡಿತ್ಯ ಬಂದದ್ದು. ದೂರ ಹೋದಷ್ಟೂ ಡಿಗ್ರಿ ದೊಡ್ಡದಾಗುವ ವಿಶ್ವವಿದ್ಯಾಲಯ ಇದೊಂದೇ.

ಮುಂದೊಂದು ಭಾನುವಾರ ರಾಯರ ಊರಿನವರೇ ಒಬ್ಬರು, ಕಸುಬು ಬಲ್ಲವರು, ತಮ್ಮ ಮನೆಯಲ್ಲೇ ಬ್ರಾಟ್‌ವುರ್ಸ್ಟ್ ಮಾಡಿ ಕರೆದರು. ರಾಯರು ಒಂದು ತುಂಡು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ‘ಇದೇ’ ಎಂದರು. ಆ ಕ್ಷಣದಿಂದ ಅವರ ಮುಖದ ಕಳೆ ಇಳಿದುಹೋಯಿತು. ದಾರಿಯುದ್ದಕ್ಕೂ ಕಾರಿನಲ್ಲಿ ಕುಂದು ಹೇಳಲು ಏನೂ ಇಲ್ಲದೆ ಒದ್ದಾಡಿದರು. ನನಗೇ ಪಾಪವೆನಿಸಿತು. ಮನೆ ಹತ್ತಿರ ಬರುತ್ತಿದ್ದಂತೆ ಒಮ್ಮೆಲೇ ಜೀವ ಬಂದವರಂತೆ ಎದ್ದು ಕೂತು, ‘ಆದರೆ ಬ್ರೆಡ್ಡು ಸರಿಯಿರಲಿಲ್ಲ!’ ಎಂದರು. ಸೇಂಟ್ ಗಾಲನ್ನಿನಲ್ಲಿ ಅದರ ಜೊತೆಗೆ ಬ್ಯೂರ್ಲಿ ಎಂಬ ಗಟ್ಟಿ ಸಿಪ್ಪೆಯ ದುಂಡು ಬ್ರೆಡ್ಡು ಇರಲೇಬೇಕು. ಮರುದಿನದಿಂದ ಬೇಕರಿಗಳ ಪಟ್ಟಿ ಸಿದ್ಧವಾಗತೊಡಗಿತು.

ಪರದೇಶದಲ್ಲಿ ಊರ ತಿಂಡಿ ಹುಡುಕುವವರು ನಿಮಗೂ ಸಿಗುತ್ತಾರೆ. ಅವರಿಗೆ ಕಾರು ಕೊಡಿ, ಪೆಟ್ರೋಲು ಹಾಕಿಸಿ, ಗೊಣಗಾಟಕ್ಕೆ ಕಿವಿ ಕೊಡಿ. ಆದರೆ ದಯವಿಟ್ಟು, ಅವರು ಹುಡುಕುತ್ತಿರುವುದನ್ನು ಮಾತ್ರ ಹುಡುಕಿಕೊಡಬೇಡಿ.