ಕರಾರುಪಾಲನ ಮೀಮಾಂಸೆ ಅರ್ಥಾತ್ ಕಾಗವಾಡ ಸೂತ್ರಗಳು

ರಾಷ್ಟ್ರಗಳು ಕಾನೂನನ್ನು ಏಕೆ ಪಾಲಿಸುತ್ತವೆ, ಏಕೆ ಧಿಕ್ಕರಿಸುತ್ತವೆ? ಹಾಲೆಂಡಿನ ಗ್ರೋಷಿಯಸ್ ಪಂಡಿತ 1625ರಲ್ಲೇ ಯುದ್ಧ, ಶಾಂತಿಗಳ ಕಾನೂನಿನ ಬಗ್ಗೆ ದಪ್ಪ ಗ್ರಂಥ ಬರೆದ. ಸಂಶಯ ತೀರಲಿಲ್ಲ. ಪಾಪ, ಕರ್ನಾಟಕ-ಮಹಾರಾಷ್ಟ್ರ ಗಡಿಯಲ್ಲಿ, ಮಿರಜ್ ರಸ್ತೆಯ ಕಾಗವಾಡ ನಾಕಾದಲ್ಲಿ ಒಂದು ತಾಸು ನಿಲ್ಲುವ ಯೋಗ ಆತನಿಗಿರಲಿಲ್ಲ. ಆ ಕೊರತೆ ತುಂಬುವುದೇ ಪ್ರಸ್ತುತ ಮಹಾಪ್ರಬಂಧದ ವಿನಮ್ರ ಉದ್ದೇಶ.

ಸೂತ್ರ ಒಂದು: ಪಂಚಾಯ್ತಿ ಬೇಡಿದವನೇ ತೀರ್ಪನ್ನು ಒಲ್ಲೆನೆನ್ನತಕ್ಕದ್ದು.

ಭಾಷ್ಯ: ಗಡಿ ತೀರ್ಮಾನಕ್ಕೆ ಆಯೋಗ ಬೇಕೆಂದು ಹಟ ಹಿಡಿದದ್ದು ಮಹಾರಾಷ್ಟ್ರ. 1966ರಲ್ಲಿ ಮಹಾಜನ ಆಯೋಗ ಬಂತು, ಮರುವರ್ಷ ವರದಿ ಬಂತು, ಬೆಳಗಾವಿ ಮಾತ್ರ ಬರಲಿಲ್ಲ. ವರದಿ ತಿರಸ್ಕೃತ. 2016ರಲ್ಲಿ ದಕ್ಷಿಣ ಚೀನಾ ಸಮುದ್ರದ ಬಗ್ಗೆ ಅಂತರರಾಷ್ಟ್ರೀಯ ಪಂಚಾಯ್ತಿ ಕೊಟ್ಟ ತೀರ್ಪನ್ನು ಚೀನಾ ತಳ್ಳಿಹಾಕಿದ್ದೂ ಉಂಟು. ಆದರೆ ಚೀನಾ ಪಂಚಾಯ್ತಿ ಕೇಳಿರಲಿಲ್ಲ. ಹಾಗೆಂದು ಕರ್ನಾಟಕವೇ ಧರ್ಮರಾಯನೆಂದು ಪೂರ್ವಪಕ್ಷಿಗಳು ಬೀಗಬಾರದು. ಮಹಾಜನ ವರದಿಯೇ ಅಂತಿಮ ಎನ್ನುವ ನಾವು, ಅದೇ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಬರೆದುಕೊಟ್ಟ ಪುಟ ಬಂದಾಗ ಕೆಮ್ಮುತ್ತೇವೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಗಡಿ ಸಂಸತ್ತಿನ ವಿಷಯ, ಕೋರ್ಟಿಗೇನು ಕೆಲಸ ಎಂಬುದು ನಮ್ಮ ವಾದ.

ಸೂತ್ರ ಎರಡು: ಮಾನವೀಯತೆ ನದಿಯ ಗುಂಟ ಋತುಮಾನಕ್ಕೆ ತಕ್ಕಂತೆ ಸಂಚರಿಸುವುದು.

ಭಾಷ್ಯ: ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಅಥಣಿ, ಕಾಗವಾಡ, ರಾಯಬಾಗದ ನಳ ಬುಸುಗುಟ್ಟಿದಾಗ ಬೆಂಗಳೂರು ಮುಂಬೈಗೆ ಪತ್ರ ಬರೆಯುತ್ತದೆ: ಮಾನವೀಯ ನೆಲೆಯಲ್ಲಿ ಕೊಯ್ನಾ ಜಲಾಶಯದಿಂದ ನೀರು ಬಿಡಿ. ಮುಂಬೈ ಕರಾರಿನ ಮಾತೆತ್ತುತ್ತದೆ: ಬದಲಿಗೆ ನಮ್ಮ ಜತ್ತ ತಾಲೂಕಿಗೆ ನೀರು ಕೊಡುತ್ತೀರಾ? ಮಳೆಗಾಲದಲ್ಲಿ ಸಾಂಗ್ಲಿಗೆ ನೆರೆ ನುಗ್ಗಿದಾಗ (2005, 2019) ಪತ್ರದ ದಿಕ್ಕು ಬದಲು: ದಯವಿಟ್ಟು ಆಲಮಟ್ಟಿಯ ಗೇಟು ಎತ್ತಿ. ಈಗ ಜಲಾಶಯದ ಮಟ್ಟ, ಒಳಹರಿವು, ನ್ಯಾಯಮಂಡಳಿ ಎಂದು ಲೆಕ್ಕ ಒಪ್ಪಿಸುವ ಸರದಿ ನಮ್ಮದು. ಎರಡೂ ಕಚೇರಿಗಳು ಪತ್ರಗಳನ್ನು ಅದಲುಬದಲು ಮಾಡಿಕೊಂಡರೆ ಟೈಪಿಂಗ್ ಖರ್ಚಾದರೂ ಉಳಿದೀತು. ಈ ಸಲಹೆಗೆ ಪ್ರಬಂಧಕಾರ ಸಂಭಾವನೆ ಬಯಸುವುದಿಲ್ಲ.

ಸೂತ್ರ ಮೂರು: ಕಬ್ಬೇ ಸಾರ್ವಭೌಮ.

ಭಾಷ್ಯ: 2022ರ ಡಿಸೆಂಬರಿನಲ್ಲಿ ಗಡಿ ಜಗಳಕ್ಕೆ ಬಸ್ಸುಗಳ ಮೇಲೆ ಮಸಿ ಬಿತ್ತು, ಸಂಚಾರ ನಿಂತಿತು. ಬಸ್ಸಿಗೆ ಭಾಷೆ ಇದೆ. ಕಬ್ಬಿಗೆ ಇರುವುದು ಟನ್ನಿನ ದರ. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಕಬ್ಬು ಹೊರರಾಜ್ಯಕ್ಕೆ ಹೋಗಕೂಡದೆಂದು ಆದೇಶಿಸಿತು. ಅಲ್ಲಿನ ರೈತ ಮುಖಂಡರೇ ತಿರುಗಿಬಿದ್ದರು. ಈ ಆದೇಶಕ್ಕೆ ಮೂರು ಸಂಪುಟಗಳ ಭಾಷ್ಯ ರಚಿಸಲು ಪ್ರಬಂಧಕಾರ ಪೆನ್ನಿಗೆ ಮಸಿ ತುಂಬುತ್ತಿದ್ದಾಗಲೇ ಮೂಲಗ್ರಂಥವನ್ನು ಸರಕಾರ ವಾಪಸು ಪಡೆಯಿತು.