ಎಡಕುಮೇರಿ ಪ್ಯಾಕೇಜ್ ಮೀಮಾಂಸೆ

ಜಾಹೀರಾತು ನಂಬಿ ದುಡ್ಡು ಕಳೆದುಕೊಂಡವನಿಗೆ ಉಂಟಾಗುವ ಜ್ಞಾನ ಯಾವ ಬಗೆಯದು ಎಂಬುದನ್ನು ನಮ್ಮ ನೈಯಾಯಿಕರು ಚರ್ಚಿಸದೆ ಬಿಟ್ಟಿದ್ದಾರೆ. ಆ ಕೊರತೆ ನೀಗಿಸಲು ಈ ಪ್ರಬಂಧ ಸಕಲೇಶಪುರ ಘಟ್ಟದ ಎಡಕುಮೇರಿಯನ್ನು ಅಧ್ಯಯನ ಕ್ಷೇತ್ರವಾಗಿ ಆರಿಸಿಕೊಂಡಿದೆ. ಕ್ಷೇತ್ರಕಾರ್ಯ ಪುಷ್ಯ ಮಳೆಯಲ್ಲಿ ನಡೆದದ್ದರಿಂದ ಟಿಪ್ಪಣಿ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಂಥ ಕಡೆ ಪಾಠಾಂತರಕ್ಕೆ ಅವಕಾಶವುಂಟು.

ಮೊದಲು ಇತಿಹಾಸ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ, ಎಡಕುಮೇರಿ ಮೂಲಕ, 1979ರಲ್ಲಿ ಮೀಟರ್ ಗೇಜ್ ರೈಲು ಓಡಿತು. 1996ರಲ್ಲಿ ಬ್ರಾಡ್ ಗೇಜ್ ಮಾಡುವ ಸಲುವಾಗಿ ನಿಂತಿತು. ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ರೈಲಿಲ್ಲದ ಆ ವರ್ಷಗಳಲ್ಲಿ ಚಾರಣಿಗರು ಈ ದಾರಿ ಹಿಡಿದರು, 'ಗ್ರೀನ್ ರೂಟ್' ಎಂಬ ಹೆಸರೂ ಊರೆಲ್ಲ ಹಬ್ಬಿತು. ರೈಲು ವಾಪಸು ಬಂದರೂ ಹೆಸರು ಹೋಗಲಿಲ್ಲ. ಅದನ್ನು ಮಾರುವವರಂತೂ ಹೋಗಲೇ ಇಲ್ಲ.

ಈಗ ಜಾಹೀರಾತಿನ ಮೂಲಪಾಠ. ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ನಾನಾ ಪ್ರತಿಗಳನ್ನು ತಾಳೆ ನೋಡಿ ಸಿದ್ಧಪಡಿಸಿದ ಪರಿಷ್ಕೃತ ಪಾಠ ಹೀಗಿದೆ: "57 ಸುರಂಗ, 109 ಸೇತುವೆ, ವನ್ಯಜೀವಿ ದರ್ಶನ, ಕ್ಯಾಂಪ್‌ಫೈರ್, ಅಪ್ಪಟ ಮಲೆನಾಡ ಊಟ. ಕೆಲವೇ ಸೀಟು!" ಕೊನೆಯ ವಾಕ್ಯ ಎಲ್ಲ ಪ್ರತಿಗಳಲ್ಲೂ, ಎಲ್ಲ ತಿಂಗಳಲ್ಲೂ ಇರುವುದರಿಂದ ಅದು ಪ್ರಕ್ಷಿಪ್ತವಲ್ಲವೆಂದು ತೀರ್ಮಾನಿಸಲಾಗಿದೆ.

ವಿದ್ವಾಂಸರು ತಲೆ ಕೆಡಿಸಿಕೊಳ್ಳಬೇಕಾದ ಸಂಗತಿಯೆಂದರೆ, ಇದರಲ್ಲಿ ಸುಳ್ಳು ಹುಡುಕುವುದು ಕಷ್ಟ. ಸುರಂಗ, ಸೇತುವೆಗಳು ಇರುವುದಂತೂ ನಿಜ. ಆದರೆ ಅವು ರೈಲಿಗಾಗಿ ಇವೆ. ಅನುಮತಿಯಿಲ್ಲದೆ ಹಳಿಯ ಮೇಲೆ ಕಾಲಿಟ್ಟವರಿಗೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮು ಆರು ತಿಂಗಳವರೆಗೆ ಸಜೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ಈ ವಸತಿ ಸೌಕರ್ಯದ ಪ್ರಸ್ತಾಪ ಪ್ಯಾಕೇಜಿನಲ್ಲಿ ಎಲ್ಲಿಯೂ ಇಲ್ಲ. ಹಳಿ ಕಾಣುವಷ್ಟು ಹತ್ತಿರ ಬಂದ ಮೇಲೆ ಗೈಡ್ ಬಾಯಿ ಬಿಡುತ್ತಾನೆ: "ಆ ಕಡೆ ಬೇಡ ಸಾರ್, ಆರ್‌ಪಿಎಫ್‌ನೋರು ಹಿಡೀತಾರೆ. ಬನ್ನಿ, ಕಾಫಿ ತೋಟ ತೋರಿಸ್ತೀನಿ."

ಉಳಿದ ಪದಗಳನ್ನೂ ಪ್ರಮಾಣಗಳಿಂದ ಪರೀಕ್ಷಿಸಲಾಯಿತು. ಕ್ಯಾಂಪ್‌ಫೈರ್: ಹೊಗೆಯಿದ್ದಲ್ಲಿ ಬೆಂಕಿ ಇರಬೇಕೆಂಬುದು ತರ್ಕಶಾಸ್ತ್ರದ ಹಳೆಯ ಅನುಮಾನ. ಇಲ್ಲಿ ನೆನೆದ ಸಿಲ್ವರ್ ಓಕ್ ಕೊರಡಿಗೆ ಒಂದು ಬಾಟಲಿ ಡೀಸೆಲ್ ಸುರಿದರೂ ಹೊಗೆ ಮಾತ್ರ ಸಿದ್ಧಿಸಿತು, ಶಾಸ್ತ್ರವೇ ಬಿದ್ದುಹೋಯಿತು. ಮಲೆನಾಡ ಊಟ: ಅಕ್ಕಿರೊಟ್ಟಿ, ಕಳಲೆ ಪಲ್ಯ ನಿರೀಕ್ಷಿತ; ತಣ್ಣಗಿನ ಪಲಾವ್, ಸ್ಯಾಶೆ ಉಪ್ಪಿನಕಾಯಿ ಪ್ರಾಪ್ತ. ವನ್ಯಜೀವಿ ದರ್ಶನದ ಮಟ್ಟಿಗೆ ಮಾರಾಟಗಾರ ಮಾತಿಗೆ ತಪ್ಪಲಿಲ್ಲ. ಉಂಬಳಗಳು ಕಾಲ್ಚೀಲದ ಒಳಗೇ ಬಂದು ದರ್ಶನ ಕೊಟ್ಟವು.

ಇಲ್ಲಿ ಪೂರ್ವಪಕ್ಷ: "ನಾವು ಸುರಂಗ ಇದೆ ಅಂದೆವು, ನಡೆಸುತ್ತೇವೆ ಅನ್ನಲಿಲ್ಲ." ಇದಕ್ಕೆ ಉತ್ತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(28)ನೇ ಕಲಮಿನಲ್ಲಿದೆ. ಸುಳ್ಳು ವಿವರಣೆ, ಸುಳ್ಳು ಖಾತರಿ, ಅನುಚಿತ ವ್ಯಾಪಾರ ಪದ್ಧತಿಯಾಗುವಂಥ ಹೇಳಿಕೆ, ಇವುಗಳ ಜೊತೆಗೆ ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೇ. ನೈಯಾಯಿಕರ ಪ್ರಮಾಣಗಳೂ ನಾಲ್ಕು, ಇವೂ ನಾಲ್ಕು. ಇದು ಕಾಕತಾಳೀಯವಲ್ಲವೆಂದು ಇನ್ನೊಂದು ಪ್ರಬಂಧ ಬರೆಯಬಹುದು. ಪ್ಯಾಕೇಜ್ ವಸ್ತುವಲ್ಲ, ಸೇವೆ ಎಂಬ ನುಣುಚುವಿಕೆಯೂ ನಡೆಯದು. ಕಾಯ್ದೆ ಎರಡನ್ನೂ ಒಳಗೊಳ್ಳುತ್ತದೆ.

"ಷರತ್ತು ಅನ್ವಯ ಅಂತ ಹಾಕಿದ್ದೆವಲ್ಲ" ಎಂಬುದು ಎರಡನೆಯ ಪೂರ್ವಪಕ್ಷ. ಇರುವೆಗೂ ಕನ್ನಡಕ ಬೇಕಾಗುವ ಅಕ್ಷರದಲ್ಲಿ ಹಾಕಿದ್ದು ನಿಜ. ಆದರೆ ಘೋಷಣೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಮುಖ್ಯ ಸಂಗತಿಯನ್ನು ಅದರಲ್ಲಿ ಬಚ್ಚಿಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜೂನ್‌ನ ಮಾರ್ಗಸೂಚಿ ಹೇಳುತ್ತದೆ. ನಿದರ್ಶನ ಬೆಂಗಳೂರಿನಲ್ಲೇ ಇದೆ. ಐದು ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂಪಾಯಿ ಎಂದಿತ್ತು ರಾಪಿಡೋ. ಕೊಟ್ಟದ್ದು '50ರವರೆಗೆ', ಅದೂ 'ರಾಪಿಡೋ ಕಾಯಿನ್' ರೂಪದಲ್ಲಿ. ಬೈಕ್ ಸವಾರಿಗೆ ಮಾತ್ರ, ಏಳೇ ದಿನದೊಳಗೆ ಬಳಸಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಆಗಸ್ಟ್‌ನಲ್ಲಿ ಹತ್ತು ಲಕ್ಷ ದಂಡ ಹಾಕಿತು. ಮೊದಲ ತಪ್ಪಿಗೆ ಹತ್ತು, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕಲು ಅದಕ್ಕೆ ಅಧಿಕಾರವಿದೆ. "ಮಗಾ, ಸಖತ್ ವೈಬ್" ಎಂದು ರೀಲ್ ಮಾಡಿ ಪ್ರಚಾರ ಮಾಡುವವರೂ ಇದರಿಂದ ಹೊರಗಿಲ್ಲ.

ಸುರಂಗವನ್ನು ನೋಡಲೇಬೇಕೆಂಬ ಮುಮುಕ್ಷುಗಳು ಬೆಂಗಳೂರು–ಮಂಗಳೂರು ಹಗಲು ರೈಲಿನ ಟಿಕೆಟ್ ಕೊಳ್ಳಬಹುದು. 2021ರ ಜುಲೈಯಿಂದ ಅದಕ್ಕೆ ಗಾಜಿನ ವಿಸ್ಟಾಡೋಮ್ ಬೋಗಿಯೂ ಉಂಟು. ಮಳೆಗಾಲದಲ್ಲಿ ಮಾತ್ರ ರೈಲಿನ ಸ್ಥಿತಿ ವಿಚಾರಿಸಿ ಹೊರಡಿ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಮಣ್ಣು ಜರಿದು ಹಲವು ದಿನ ರೈಲೇ ಇರಲಿಲ್ಲ.

ಈಗಾಗಲೇ ಮೋಸ ಹೋದವರು ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕಟ್ಟಿದ ರಸೀದಿ ಎರಡನ್ನೂ ಅಳಿಸದೆ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಹಾಸನದವರೆಗೆ ಬರಬೇಕಾಗಿಯೂ ಇಲ್ಲ, ನೀವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು.